ದೇಶ ಬೇರೆಯಾದರೆ ಸಾಲ ಯಾರಿಗೆ?

ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಗೆಳೆಯರು ಕೇಳಿದಾಗ, "ಸಾಲದ ವಿಚಾರ ಬರೆಯಲೇ?" ಎಂದೆ. ಅವರ ಮುಖ ಬಾಡಿತು. ರಾಮದೇವರ ಬೆಟ್ಟದ ಸೂರ್ಯೋದಯ, ಸಾವನದುರ್ಗದ ಪ್ರವಾಸ, ವಿದ್ಯಾರ್ಥಿ ಮತ್ತು ಶಿಸ್ತು, ಇವು ಕಾಲೇಜಿನ ಸಂಚಿಕೆಗೆ ಶೋಭಿಸುವ ವಿಷಯಗಳು. ಸಾಲವೆಂಬುದು ಬಾಗಿಲು ಮುಂದೆ ಮಾಡಿಕೊಂಡು, ತಗ್ಗಿದ ದನಿಯಲ್ಲಿ, ಮನೆಯವರು ಮಾತ್ರ ಆಡಿಕೊಳ್ಳುವ ಮಾತು. ಅವರ ಅಭಿಪ್ರಾಯದಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಸೂರ್ಯನಿಗಿಂತ ಮೊದಲು ಏಳುವುದು ಸಾಲವೇ ಆದ್ದರಿಂದ, ಸೂರ್ಯೋದಯವನ್ನು ವರ್ಣಿಸಹೊರಟರೂ ನಾನು ಅದನ್ನು ದಾಟಿಕೊಂಡೇ ಹೋಗಬೇಕು. ಓದುಗರು ಮನ್ನಿಸಬೇಕು.

ಈ ಯೋಚನೆಗೆ ಬೀಜ ಬಿದ್ದದ್ದು ತರಗತಿಯಲ್ಲಿ. ಒಂದು ದೇಶ ಒಡೆದು ಎರಡಾದಾಗ ಹಳೆಯ ಸರ್ಕಾರದ ಆಸ್ತಿಯೂ ಋಣವೂ ಯಾರಿಗೆ ಸೇರುತ್ತವೆಂಬ ಪಾಠವನ್ನು ರಾಜ್ಯಶಾಸ್ತ್ರದ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಊಟದ ನಂತರದ ಪಿರಿಯಡ್ಡು. ಹಿಂದಿನ ಬೆಂಚುಗಳು ಅರ್ಧ ನಿದ್ರೆಯಲ್ಲಿದ್ದವು. ನಮ್ಮನ್ನು ಎಬ್ಬಿಸಲೆಂದೋ ಏನೋ ಅವರು ಸ್ಕಾಟ್ಲೆಂಡಿನ ಮಾತು ತೆಗೆದರು. ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಬೇಡವೇ ಎಂದು ಅಲ್ಲಿನ ಜನ ೨೦೧೪ರ ಸೆಪ್ಟೆಂಬರ್ ೧೮ರಂದು ಮತ ಹಾಕಿದರು. ನೂರಕ್ಕೆ ಸುಮಾರು ೫೫ ಮಂದಿ ಬೇಡವೆಂದದ್ದರಿಂದ ಅದು ಆಗಲಿಲ್ಲ. "ಆಗಿದ್ದರೆ, ಅಲ್ಲಿನ ಹುಡುಗರು ಓದುವುದಕ್ಕೆ ಮಾಡಿದ ಸಾಲವನ್ನು ಯಾರು ವಸೂಲು ಮಾಡುತ್ತಿದ್ದರು? ಹೇಳಿ ನೋಡೋಣ," ಎಂದರು ಮೇಷ್ಟ್ರು.

ಪ್ರಶ್ನೆ ತಮಾಷೆಯದಲ್ಲ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಸಾಲದ ಲೆಕ್ಕ ಇಡುವುದಕ್ಕೆ ಸ್ಟೂಡೆಂಟ್ ಲೋನ್ಸ್ ಕಂಪನಿ ಎಂಬ ಸರ್ಕಾರಿ ಸಂಸ್ಥೆಯೊಂದಿದೆ. ಇಂಗ್ಲೆಂಡು, ವೇಲ್ಸು, ಸ್ಕಾಟ್ಲೆಂಡು, ಉತ್ತರ ಐರ್ಲೆಂಡು ನಾಲ್ಕಕ್ಕೂ ಅದೊಂದೇ. ಅದರ ಮುಖ್ಯ ಕಚೇರಿ ಇರುವುದು ಲಂಡನ್ನಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ವಸೂಲಿಯ ಕೆಲಸ ಮಾತ್ರ ತೆರಿಗೆ ಇಲಾಖೆಯದು. ಓದು ಮುಗಿಸಿದವನ ಸಂಬಳ ಒಂದು ಮಿತಿಯನ್ನು ದಾಟಿದರೆ, ದಾಟಿದ ಭಾಗದಲ್ಲಿ ಇಷ್ಟೆಂದು ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ, ದಾಟದಿದ್ದರೆ ಕೇಳುವುದಿಲ್ಲ. ದೇಶ ಬಿಟ್ಟು ಹೋದವನು ತನ್ನ ವರಮಾನವನ್ನು ತಾನೇ ತಿಳಿಸಿ ಕಂಪನಿಗೆ ನೇರವಾಗಿ ಕಟ್ಟಬೇಕು. ಈಗ ಸ್ಕಾಟ್ಲೆಂಡು ಬೇರೆಯಾಯಿತೆನ್ನಿ. ಇಂಗ್ಲೆಂಡಿನ ಹುಡುಗರ ಕಡತಗಳು ಪರದೇಶದ ಕಚೇರಿಯಲ್ಲಿ. ಸ್ಕಾಟ್ಲೆಂಡಿನ ಹುಡುಗರ ಸಂಬಳಕ್ಕೆ ಕೈಯಿಕ್ಕಬೇಕಾದ ಇಲಾಖೆ ಪರದೇಶದ್ದು. ಹಡಗು ಹತ್ತದೆ ವಿಮಾನ ಏರದೆ, ರಾತ್ರಿ ಮಲಗಿ ಬೆಳಗ್ಗೆ ಏಳುವುದರೊಳಗೆ ಲಕ್ಷಾಂತರ ಮಂದಿ 'ದೇಶ ಬಿಟ್ಟು ಹೋದವರು'!

"ಯಾರೂ ವಸೂಲು ಮಾಡ್ತಿರಲಿಲ್ಲ ಸಾರ್!" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ತರಗತಿ ಪೂರ್ತಿ ಎಚ್ಚರವಾಯಿತು.

ಅಂದು ಸಂಜೆ ಬಸ್ಸಿಗೆ ಕಾಯುತ್ತ ಕುಳಿತಾಗ ನಾವು ನಾಲ್ವರು ಗೆಳೆಯರು ಒಂದು ಹೊಸ ದೇಶವನ್ನೇ ಕಟ್ಟಿದೆವು. ನಾನು ರಾಮನಗರ ತಾಲ್ಲೂಕಿನವನು. ಉಳಿದ ಮೂವರು ಚನ್ನಪಟ್ಟಣ, ಕನಕಪುರ, ಮಾಗಡಿಯವರು. ನಾಲ್ಕು ತಾಲ್ಲೂಕು ಸೇರಿ ಒಂದು ದೇಶ. ರಾಜಧಾನಿ ತನ್ನೂರೇ ಆಗಬೇಕೆಂದು ಮಾಗಡಿಯವನು ಹಟ ಹಿಡಿದ. ಅವನ ವಾದಕ್ಕೆ ಇತಿಹಾಸದ ಬಲವಿತ್ತು. ಬೆಂಗಳೂರು ಕೈತಪ್ಪಿದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಯಿಂದಲೇ ಆಳಿದರು. ೧೭೨೮ರಲ್ಲಿ ಮೈಸೂರಿನ ಸೈನ್ಯ ಸಾವನದುರ್ಗವನ್ನು ಹಿಡಿಯುವವರೆಗೂ ಆಳಿದರು. "ನಾವೇನು ಹೊಸದಾಗಿ ಸ್ವತಂತ್ರರಾಗ್ತಿಲ್ಲ ಕಣ್ರೋ, ಹಳೇ ಬಾಕಿ ವಸೂಲು ಮಾಡ್ತಿದೀವಿ ಅಷ್ಟೆ" ಎಂದ. ಬೆಂಗಳೂರಿಗೆ ಕಾವೇರಿ ನೀರು ಹೋಗುವುದು ಹಾರೋಹಳ್ಳಿಯ ಪಂಪುಗಳನ್ನು ದಾಟಿಯೇ ಆದ್ದರಿಂದ ವಿದೇಶಾಂಗ ಖಾತೆ ತನಗಿರಲಿ ಎಂದ ಕನಕಪುರದವನು. ಹಾರೋಹಳ್ಳಿ ಈಗ ಬೇರೆ ತಾಲ್ಲೂಕಾಗಿದೆಯಲ್ಲಪ್ಪ ಎಂದರೆ ಅವನಿಗೆ ಸಿಟ್ಟು. ಚನ್ನಪಟ್ಟಣದವನು ನಾಣ್ಯಕ್ಕೆ ಬದಲಾಗಿ ಅರಗಿನ ಬಣ್ಣದ ಮರದ ಬಿಲ್ಲೆಗಳನ್ನು ಚಲಾವಣೆಗೆ ತರುವ ಯೋಜನೆಯನ್ನು ಮಂಡಿಸಿದ. ಕೊನೆಗೆ ನನಗೆ ಉಳಿದದ್ದು ಹಣಕಾಸು.

"ಮೊದಲನೇ ಹುಕುಂ ಹೊರಡಿಸಪ್ಪ ಮಂತ್ರಿ. ಓದೋಕೆ ಮಾಡಿದ ಸಾಲ ಎಲ್ಲಾ ರದ್ದು! ಸಾಲ ಕೊಟ್ಟೋರು ಬೆಂಗಳೂರಲ್ಲವ್ರೆ, ಅದೀಗ ಪರದೇಶ. ಬಂದು ಕೇಳಲಿ ನೋಡೋಣ" ಎಂದರು ಗೆಳೆಯರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗು ಬಸ್ಸು ಬರುವುದಕ್ಕೆ ಮೊದಲೇ ಮುಗಿದುಹೋಯಿತು.

ನಮ್ಮ ಮನೆಯಲ್ಲಿ ಅಕ್ಕನ ಸಾಲವಿದೆ. ಅಪ್ಪ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅವ್ವ ಶಾಲೆಯ ಒಳಗೆ ಕಾಲಿಟ್ಟದ್ದು ನಮ್ಮನ್ನು ಸೇರಿಸಲಿಕ್ಕೆ ಹೋದಾಗ ಮಾತ್ರ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳುಮನೆ, ಇಷ್ಟೇ ನಮ್ಮ ಆಸ್ತಿ. ನನ್ನ ಬಿ.ಎ.ಗೆ ಸಾಲ ಬೇಕಾಗಲಿಲ್ಲ. ಸರ್ಕಾರಿ ಕಾಲೇಜಿನ ಶುಲ್ಕವನ್ನು ಒಂದು ಬೆಳೆಯ ಗೂಡು ತೀರಿಸಿತು. ಅಕ್ಕನದು ಹಾಗಲ್ಲ. ಅವಳು ಪಿ.ಯು.ಸಿ. ಮುಗಿಸಿ ಬೆಂಗಳೂರಿನಲ್ಲಿ ನರ್ಸಿಂಗ್ ಡಿಪ್ಲೊಮಾ ಓದುತ್ತೇನೆಂದಾಗ ಹೋಬಳಿಯ ಬ್ಯಾಂಕಿನಲ್ಲಿ ೨,೮೦,೦೦೦ ರೂಪಾಯಿ ಸಾಲ ತೆಗೆದೆವು. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಆಸ್ತಿಯ ಅಡಮಾನ ಬೇಡ. ತಂದೆಯೋ ತಾಯಿಯೋ ಜಂಟಿ ಸಾಲಗಾರರಾಗಿ ರುಜು ಹಾಕಿದರೆ ಸಾಕು. ಅಪ್ಪ ರುಜು ಹಾಕಿದ ದಿನ ಮನೆಗೆ ಬಂದು ಕೈ ತೊಳೆದುಕೊಂಡದ್ದು ನನಗೆ ಇನ್ನೂ ನೆನಪಿದೆ. ಹೆಬ್ಬೆಟ್ಟಿನ ಮಸಿಯೇನೂ ಇರಲಿಲ್ಲ. ಅವರು ಅಕ್ಷರದಲ್ಲೇ ರುಜು ಹಾಕಿದ್ದರು. ಆದರೂ ತೊಳೆದುಕೊಂಡರು.

ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಇಲ್ಲ. ಅನಂತರ ತಿಂಗಳು ತಿಂಗಳೂ ಕಟ್ಟಬೇಕು. ಬ್ಯಾಂಕಿನ ಪಂಚಾಂಗದಲ್ಲಿ ಇರುವುದು ತಿಂಗಳು, ನಮ್ಮ ಪಂಚಾಂಗದಲ್ಲಿ ಇರುವುದು ಜ್ವರ. ರೇಷ್ಮೆ ತಿಳಿಯದ ಓದುಗರಿಗಾಗಿ ಒಂದು ಮಾತು: ಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದನ್ನೇ ನಾವು ಜ್ವರವೆನ್ನುವುದು. ನಾಲ್ಕು ಜ್ವರ ದಾಟಿ, ಹುಳು ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟಿ, ಆ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆ ನಮ್ಮ ಮನೆಗೆ ಹಣ ಬರುತ್ತದೆ. ನಡುವೆ ಯಾವ ಜ್ವರದಲ್ಲಾದರೂ ರೋಗ ತಗುಲಿದರೆ ಆ ಬೆಳೆ ತಿಪ್ಪೆಗೆ. ಅಕ್ಕನ ಮೊದಮೊದಲ ಸಂಬಳವೋ ಬೆಂಗಳೂರಿನ ಕೋಣೆಯ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತು. ಅಪ್ಪನ ಕಷ್ಟವನ್ನು ನೋಡಿ ಆ ಶಾಖೆಯ ಮ್ಯಾನೇಜರು ಕಂತನ್ನು ತಗ್ಗಿಸಿ, ಅವಧಿಯನ್ನು ಹೆಚ್ಚಿಸಿ, ಹಾಗೆಂದು ಒಂದು ಕಾಗದ ಬರೆದು ಮೊಹರು ಹಾಕಿ ಕೊಟ್ಟರು. ಅಪ್ಪ ಅದನ್ನು ಅವ್ವನ ಚನ್ನಪಟ್ಟಣದ ಅರಗಿನ ಡಬ್ಬಿಯಲ್ಲಿ ಇಟ್ಟರು. ಒಡವೆ ಇಡುವ ಡಬ್ಬಿ ಅದು. ಒಡವೆ ಇರಲಿಲ್ಲವಾದ್ದರಿಂದ ಜಾಗ ಧಾರಾಳವಾಗಿತ್ತು.

ಬಸ್ಸಿನಲ್ಲಿ ಕುಳಿತು, ಸಾಲವೆಲ್ಲ ರದ್ದೆಂಬ ಹುಕುಮಿಗೆ ನಾನು ರುಜು ಹಾಕಬಲ್ಲೆನೇ ಎಂದು ಯೋಚಿಸಿದೆ. ಮನೆಯಲ್ಲಿ ತಂಗಿಯೂ ಇದ್ದಾಳೆ. ಅವಳಿಗೆ ಇಂಜಿನಿಯರಿಂಗ್ ಓದುವ ಆಸೆ. ನೆರೆನಾಡಿನವರ ಸಾಲವನ್ನು ನುಂಗಿ ನೀರು ಕುಡಿದ ದೇಶಕ್ಕೆ ಮರುವರ್ಷ ಯಾರು ಸಾಲ ಕೊಡುತ್ತಾರೆ? ಅಕ್ಕನ ಸಾಲ ರದ್ದಾದ ದಿನವೇ ತಂಗಿಯ ಓದೂ ರದ್ದು. ನಿಜವಾಗಿ ಬೇರೆಯಾದ ದೇಶಗಳು ಏನು ಮಾಡಿದವೆಂದು ನೋಡುವ ಆಸೆಯಿಂದ ಮರುದಿನ ಗ್ರಂಥಾಲಯಕ್ಕೆ ಹೋದೆ.

ದೂರ ಹುಡುಕಬೇಕಾಗಿರಲಿಲ್ಲ, ನಮ್ಮ ದೇಶವೇ ಇತ್ತು. ೧೯೪೭ರಲ್ಲಿ ಭಾರತ, ಪಾಕಿಸ್ತಾನಗಳು ಬೇರೆಯಾದಾಗ ಮೇಜು ಕುರ್ಚಿಗಳಿಂದ ಹಿಡಿದು ರೈಲು ಬೋಗಿಗಳವರೆಗೆ ಎಲ್ಲವನ್ನೂ ಪಾಲು ಮಾಡಿದರಷ್ಟೆ. ಸಾಲದಲ್ಲಿ ಮಾತ್ರ ಒಂದು ವಿವೇಕದ ಕೆಲಸ ನಡೆಯಿತು. ಅವಿಭಜಿತ ಭಾರತದ ಸರ್ಕಾರ ಜನರಿಗೆ ಸಾಲಪತ್ರ ಬರೆದುಕೊಟ್ಟು ಎತ್ತಿದ್ದ ಹಣ ಬೇಕಾದಷ್ಟಿತ್ತು. ಆ ಪತ್ರ ಹಿಡಿದವನು ಇಷ್ಟು ಭಾಗಕ್ಕೆ ದೆಹಲಿಗೆ ಹೋಗು, ಇಷ್ಟು ಭಾಗಕ್ಕೆ ಕರಾಚಿಗೆ ಹೋಗು ಎಂದರೆ ಏನು ಮಾಡಿಯಾನು? ಆದ್ದರಿಂದ ಜನರಿಗೆ ಕೊಡಬೇಕಾದುದನ್ನೆಲ್ಲ ಭಾರತವೇ ವಹಿಸಿಕೊಂಡಿತು. ಪಾಕಿಸ್ತಾನ ತನ್ನ ಪಾಲಿನ ನೂರಕ್ಕೆ ಹದಿನೇಳೂವರೆಯನ್ನು ಭಾರತಕ್ಕೆ ೧೯೫೨ರಿಂದ ಆರಂಭಿಸಿ ೫೦ ವಾರ್ಷಿಕ ಕಂತುಗಳಲ್ಲಿ ತೀರಿಸಬೇಕೆಂದು ಒಪ್ಪಂದವಾಯಿತು. ಓದು ಮುಗಿದ ಮೇಲೆ ನಮಗೆ ಒಂದು ವರ್ಷ ಬಿಡುವು ಕೊಡುವಂತೆ ದೇಶಕ್ಕೂ ಕೆಲವು ವರ್ಷ ಬಿಡುವು! ಆ ಕಂತುಗಳು ಬರಲಿಲ್ಲ. ಸುಮಾರು ೩೦೦ ಕೋಟಿ ರೂಪಾಯಿ ಬಾಕಿಯೆಂದು ಭಾರತದ ಬಜೆಟ್ ಕಾಗದಗಳಲ್ಲಿ ದಶಕಗಳ ಕಾಲ ಅಚ್ಚಾಗುತ್ತ ಬಂದಿತು. ಇನ್ನೊಂದು ಕಡೆ, ಪಾಕಿಸ್ತಾನಕ್ಕೆ ನಾವು ಕೊಡಬೇಕಾಗಿದ್ದ ನಗದಿನಲ್ಲಿ ೫೫ ಕೋಟಿಯನ್ನು ತಡೆಹಿಡಿದಿದ್ದ ನಮ್ಮ ಸರ್ಕಾರ, ೧೯೪೮ರ ಜನವರಿಯಲ್ಲಿ ಗಾಂಧೀಜಿಯವರು ಉಪವಾಸ ಕೂತಿದ್ದಾಗ ಅದನ್ನು ಕೊಟ್ಟುಬಿಡಲು ತೀರ್ಮಾನಿಸಿತು. ಯಾರು ಯಾರಿಗೆ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಎರಡು ಸರ್ಕಾರಗಳ ಜಗಳ. ನನ್ನ ಮನಸ್ಸು ನಿಂತದ್ದು ಬೇರೆ ಕಡೆ: ಜಗಳ ಎಷ್ಟೇ ಇರಲಿ, ಸಾಲಪತ್ರ ಹಿಡಿದ ಸಾಮಾನ್ಯನು ತಟ್ಟಬೇಕಾದ ಬಾಗಿಲು ಒಂದೇ ಆಯಿತು.

ಆದರೆ ಅದು ಸರ್ಕಾರಕ್ಕೆ ಸಾಲ ಕೊಟ್ಟವರ ಕಥೆ. ಸರ್ಕಾರದಿಂದ ಸಾಲ ತೆಗೆದುಕೊಂಡವರ ಗತಿಯೇನು? ಅದಕ್ಕೆ ಉತ್ತರ ನಮ್ಮ ಕನಕಪುರದ ಎದುರು ದಡದಲ್ಲೇ ಸಿಕ್ಕಿತು.

ಮೇಕೆದಾಟಿನಲ್ಲಿ ನಿಂತು ಕಾವೇರಿಯ ಆಚೆ ನೋಡಿದರೆ ಕಾಣುವ ಕಾಡು ೧೯೫೬ರವರೆಗೆ ಮದರಾಸು ರಾಜ್ಯ. ಕೊಳ್ಳೇಗಾಲ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಅದು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಅದೇ ಮದರಾಸಿನ ಕಾಸರಗೋಡು ಕೇರಳಕ್ಕೆ ಹೋಯಿತು. ಕೊಳ್ಳೇಗಾಲದ ರೈತನೊಬ್ಬ ಬಾವಿ ತೋಡಲು ಮದರಾಸು ಸರ್ಕಾರದಿಂದ ಸಾಲ ಪಡೆದಿದ್ದನೆನ್ನಿ. ಇನ್ನು ಮೇಲೆ ಅವನು ಯಾರಿಗೆ ಕಟ್ಟಬೇಕು? ರಾಜ್ಯ ಪುನರ್ವಿಂಗಡಣಾ ಕಾಯಿದೆ ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ. ಹಳೆಯ ರಾಜ್ಯವು ತನ್ನೊಳಗಿನ ಯಾವುದೇ ಪ್ರದೇಶದ ಸ್ಥಳೀಯ ಸಂಸ್ಥೆಗೆ, ಸಂಘಕ್ಕೆ, ವ್ಯವಸಾಯಗಾರನಿಗೆ ಅಥವಾ ಇತರ ವ್ಯಕ್ತಿಗೆ ಕೊಟ್ಟ ಸಾಲವನ್ನು ವಸೂಲು ಮಾಡುವ ಹಕ್ಕು, ಆ ಪ್ರದೇಶ ಯಾವ ರಾಜ್ಯಕ್ಕೆ ಸೇರಿತೋ ಆ ರಾಜ್ಯದ್ದು. ೨೦೧೪ರಲ್ಲಿ ತೆಲಂಗಾಣ ಬೇರೆಯಾದಾಗಲೂ ಇದೇ ವಾಕ್ಯವೇ ಹೆಚ್ಚುಕಡಿಮೆ ಇದ್ದಂತೆಯೇ ಹೊಸ ಕಾಯಿದೆಗೆ ಬಂತು. ಸಾಲವು ನೆಲದ ಜೊತೆ ಹೋಗುತ್ತದೆ. ಕೊಳ್ಳೇಗಾಲದವನು ಮೈಸೂರಿಗೆ ಕಟ್ಟಲಿ, ಕಾಸರಗೋಡಿನವನು ಕೇರಳಕ್ಕೆ ಕಟ್ಟಲಿ.

ಓದಿ ಮೆಚ್ಚಿದೆ. ಮೆಚ್ಚಿದ ಮೇಲೆ, ಈ ಪಟ್ಟಿಯಲ್ಲಿ ನಾವೆಲ್ಲಿದ್ದೇವೆಂದು ಹುಡುಕಿದೆ. ವಿದ್ಯಾರ್ಥಿಯ ಹೆಸರಿಲ್ಲ. ನಾವು 'ಇತರ ವ್ಯಕ್ತಿ'ಗಳು! ಇದರಲ್ಲಿ ಅವಮಾನವೇನೂ ಇಲ್ಲ, ಆದರೆ ತೊಡಕಿದೆ. ರೈತನ ಬಾವಿ ಎಲ್ಲಿಗೂ ಹೋಗುವುದಿಲ್ಲ. ಸಾಲ ಬಾವಿಯ ಪಕ್ಕದಲ್ಲೇ ಕೂತಿರುತ್ತದೆ, ವಸೂಲಿಯವನು ಯಾವಾಗ ಬಂದರೂ ಸಿಗುತ್ತದೆ. ವಿದ್ಯೆಯ ಸಾಲವೋ ಪದವಿ ಕೈಗೆ ಬಂದ ಮರುದಿನ ಬಸ್ಸು ಹತ್ತುತ್ತದೆ. ಊರಲ್ಲೇ ಉಳಿಯುವುದಕ್ಕಾಗಿ ಯಾರೂ ಸಾಲ ಮಾಡಿ ಓದುವುದಿಲ್ಲ. ನಮ್ಮ ಅಕ್ಕ ಈಗ ಮದುವೆಯಾಗಿ ಹೊಸೂರಿನಲ್ಲಿದ್ದಾಳೆ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಹೊಸೂರು ತಮಿಳುನಾಡು. ಅವಳ ಸಾಲದ ನೆಲ ಯಾವುದು? ಓದಿದ ಬೆಂಗಳೂರೇ, ದುಡಿಯುವ ಹೊಸೂರೇ, ಅಥವಾ ಅಪ್ಪ ರುಜು ಹಾಕಿದ ನಮ್ಮ ಹಳ್ಳಿಯೇ?

ಈ ತೊಡಕನ್ನು ನಮ್ಮ ದೇಶ ಒಡೆಯದೆಯೇ ಒಮ್ಮೆ ಅನುಭವಿಸಿದೆ. ೧೯೬೩-೬೪ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವೆಂಬ ಯೋಜನೆಯನ್ನು ತಂದಿತು. ಬಡವರಾದ, ಆದರೆ ಚೆನ್ನಾಗಿ ಓದುವ ಹುಡುಗರಿಗೆ ಬಡ್ಡಿಯಿಲ್ಲದ ಸಾಲ. ಹಣ ಕೇಂದ್ರದ್ದು, ಹಂಚುವುದೂ ವಸೂಲು ಮಾಡುವುದೂ ರಾಜ್ಯಗಳ ಕೆಲಸ. ಅದರಲ್ಲೊಂದು ಸೊಗಸಾದ ಷರತ್ತಿತ್ತು: ಓದಿದವನು ಅಧ್ಯಾಪಕನಾದರೆ, ಸೇವೆಯ ಒಂದೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದು ಭಾಗ ಮನ್ನಾ. ಹತ್ತು ವರ್ಷ ಪಾಠ ಹೇಳಿದರೆ ಋಣ ತೀರಿತು. ಆದರೆ ಸಾಲದ ಪತ್ರದಲ್ಲಿದ್ದದ್ದು ತಂದೆಯ ಊರಿನ ವಿಳಾಸ, ಹುಡುಗ ದುಡಿಯುತ್ತಿದ್ದದ್ದು ಇನ್ನೆಲ್ಲೋ. ವಸೂಲಿ ತೀರ ಸೊರಗಿತು. ೧೯೯೧ರಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ಅದರ ಜಾಗಕ್ಕೆ ಬ್ಯಾಂಕುಗಳ ವಿದ್ಯಾಸಾಲದ ಯೋಜನೆ ೨೦೦೧ರಲ್ಲಿ ಬಂತು. ಬಡ್ಡಿಯೂ ಬಂತು. ಹಿಂದಿನವರು ತೀರಿಸದೆ ಬಿಟ್ಟ ಸಾಲದ ಬಡ್ಡಿಯನ್ನು ನಮ್ಮಪ್ಪ ಕಟ್ಟುತ್ತಿದ್ದಾರೆಂದು ಒಮ್ಮೊಮ್ಮೆ ನನಗನ್ನಿಸುವುದುಂಟು. ಲೆಕ್ಕಶಾಸ್ತ್ರದವರು ಇದನ್ನು ಒಪ್ಪಲಾರರು.

ಇಷ್ಟು ಓದಿದಾಗ ನನಗೆ ಪಿ.ಯು. ದಿನಗಳ ಒಂದು ಸಂಗತಿ ನೆನಪಿಗೆ ಬಂತು. ದೇಶಗಳು ಒಡೆಯುವಂತೆ ಬ್ಯಾಂಕುಗಳು ಕೂಡುತ್ತವೆ. ೨೦೧೭ರಿಂದ ೨೦೨೦ರೊಳಗೆ ಕನ್ನಡ ನಾಡಿನಲ್ಲಿ ಹುಟ್ಟಿದ ನಾಲ್ಕು ಹಳೆಯ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ಲೀನವಾದವು. ಅಕ್ಕನ ಸಾಲವಿದ್ದ ಬ್ಯಾಂಕೂ, ಅದರ ಹೆಸರು ಇಲ್ಲಿ ಬೇಡ, ಹಾಗೆಯೇ ಇನ್ನೊಂದರಲ್ಲಿ ಸೇರಿಹೋಯಿತು. ಹೋಬಳಿಯ ಶಾಖೆ ಮುಚ್ಚಿ ರಾಮನಗರದ ಶಾಖೆಯಲ್ಲಿ ಕೂಡಿತು. ಇದಾವುದೂ ನಮಗೆ ಸರಿಯಾಗಿ ತಿಳಿಯಲಿಲ್ಲ. ಅಪ್ಪನ ಮೊಬೈಲಿನ ನಂಬರು ಬದಲಾಗಿದ್ದನ್ನು ನಾವೂ ಬ್ಯಾಂಕಿಗೆ ತಿಳಿಸಿರಲಿಲ್ಲ. ಒಂದು ದಿನ ಅಂಚೆಯಲ್ಲಿ ಇಂಗ್ಲಿಷಿನ ಕಾಗದ ಬಂತು.

"ಅದೇನ್ ಬರ್ದವ್ರೆ, ಓದ್ಲಾ ಮಗ" ಎಂದರು ಅಪ್ಪ.

ತಲೆಬರಹದಲ್ಲಿದ್ದ ಬ್ಯಾಂಕು ನಮ್ಮದಲ್ಲ. ಖಾತೆಯ ಸಂಖ್ಯೆ ನಮ್ಮದಲ್ಲ. ಹೆಸರು ಮಾತ್ರ ಅಕ್ಕನದು, ಅದರ ಕೆಳಗೆ ಅಪ್ಪನದು. ೪೧,೦೦೦ ರೂಪಾಯಿ ಸುಸ್ತಿಯಾಗಿದೆ, ಕೂಡಲೇ ಕಟ್ಟಬೇಕು ಎಂದಿತ್ತು. ಅಪ್ಪ ಒಂದು ಕಂತನ್ನೂ ತಪ್ಪಿಸಿದವರಲ್ಲ. ಅವ್ವ ಆ ರಾತ್ರಿ ಉಣ್ಣಲಿಲ್ಲ. "ಇವ್ರತ್ರ ನಾನು ಸಾಲವೇ ಮಾಡಿಲ್ವಲ್ಲೋ!" ಎಂದು ಅಪ್ಪ ಹತ್ತು ಸಲ ಹೇಳಿದರು.

ಬೆಳಗ್ಗೆ ಹುಳುವಿಗೆ ಸೊಪ್ಪು ಕೊಟ್ಟು ಅಪ್ಪನೂ ನಾನೂ ರಾಮನಗರಕ್ಕೆ ಹೋದೆವು. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿಣಿ ನನ್ನ ಅಕ್ಕನ ವಯಸ್ಸಿನವರು. ಕಂಪ್ಯೂಟರಿನಲ್ಲಿ ನೋಡಿದರು. ಮೊದಲಿನ ದೊಡ್ಡ ಕಂತೇ ಅದರಲ್ಲಿತ್ತು. ತಗ್ಗಿಸಿದ ಕಂತು ಇರಲಿಲ್ಲ. ತಿಂಗಳು ತಿಂಗಳೂ ನಾವು ಕಡಿಮೆ ಕಟ್ಟಿದ್ದೇವೆಂದು ಯಂತ್ರ ಕೂಡುತ್ತ ಹೋಗಿತ್ತು. ಅಪ್ಪ ಟವೆಲಿನ ಗಂಟು ಬಿಚ್ಚಿ ಅರಗಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರಿಂದ ಮಡಿಸಿದ ಕಾಗದವನ್ನು ತೆಗೆದರು. ಆಕೆ ಮೊಹರನ್ನು ನೋಡಿ, "ಈ ಬ್ಯಾಂಕು ಈಗ ಇಲ್ಲವಲ್ಲ ಯಜಮಾನ್ರೇ" ಎಂದರು.

"ಬ್ಯಾಂಕ್ ಇಲ್ದಿದ್ರೆ ಸಾಲನೂ ಇಲ್ವಾ ತಾಯಿ?" ಎಂದರು ಅಪ್ಪ.

ಅವರು ವ್ಯಂಗ್ಯವಾಡಲಿಲ್ಲ, ನಿಜವಾಗಿ ಕೇಳಿದರು. ಆಕೆಗೆ ನಗು ಬಂತು, ನಗುತ್ತಲೇ ಅರ್ಥವೂ ಆಯಿತೆಂದು ಕಾಣುತ್ತದೆ. ಕಾಗದದ ನಕಲು ತೆಗೆದುಕೊಂಡರು. ಮೂರು ಸಲ ಅಲೆದ ಮೇಲೆ ಲೆಕ್ಕ ಸರಿಯಾಯಿತು. ಆಕೆ ಒಳ್ಳೆಯವರು. ಕಾನೂನಿನ ಪ್ರಕಾರ ಹಳೆಯ ಬ್ಯಾಂಕಿಗೆ ಬರಬೇಕಾದದ್ದೂ ಹಳೆಯ ಬ್ಯಾಂಕು ನಡೆಸಬೇಕಾದದ್ದೂ ಎರಡೂ ಹೊಸ ಬ್ಯಾಂಕಿಗೆ ಸೇರುತ್ತವೆ. ಆದರೆ ನಮ್ಮ ವಿಷಯದಲ್ಲಿ ಬರಬೇಕಾದ ಹಣ ಒಂದು ಪೈಸೆ ಉದುರದೆ ದಾಟಿ ಬಂದಿತ್ತು. ಕೊಟ್ಟ ಮಾತು ದಾರಿಯಲ್ಲಿ ಉಳಿದುಹೋಗಿತ್ತು. ಅದು ದಾಟಿ ಬಂದದ್ದು ಅವ್ವನ ಒಡವೆಯ ಡಬ್ಬಿಯಲ್ಲಿ.

೧೯೫೬ರ ವಾಕ್ಯವನ್ನು ನಾನು ಮತ್ತೊಮ್ಮೆ ತೆಗೆದು ನೋಡಿದ್ದು ಇದೇ ಕಾರಣಕ್ಕೆ. ವಸೂಲು ಮಾಡುವ ಹಕ್ಕು ಯಾರಿಗೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸಾಲಗಾರನಿಗೆ ಕೊಟ್ಟಿದ್ದ ರಿಯಾಯಿತಿ, ಬಿಡುವು, ಅಧ್ಯಾಪಕನಾದರೆ ಮನ್ನಾ ಎಂಬ ಭರವಸೆ, ಇವನ್ನು ಯಾರು ಹೊತ್ತು ತರಬೇಕೆಂಬುದು ಆ ವಾಕ್ಯದಲ್ಲಿಲ್ಲ.

ಮುಂದಿನ ವಾರ ಬಸ್ಸು ನಿಲ್ದಾಣದಲ್ಲಿ ನಮ್ಮ ಮಂತ್ರಿಮಂಡಲ ಮತ್ತೆ ಸೇರಿತು. ನಾನು ಹುಕುಂ ಓದಿದೆ. ಸಾಲ ಒಂದೂ ರದ್ದಿಲ್ಲ. "ಥೂ!" ಎಂದರು ಮೂವರೂ. ವಿದ್ಯಾರ್ಥಿ ಯಾವ ಬಾಗಿಲಲ್ಲಿ ಸಾಲ ತೆಗೆದನೋ ಅದೇ ಬಾಗಿಲಲ್ಲಿ ತೀರಿಸಲಿ. ಬೆಂಗಳೂರಿಗೂ ನಮಗೂ ಇರುವ ಲೆಕ್ಕವನ್ನು ಹಿಂದಿನಿಂದ ನಾವು ನಾವು ಬಗೆಹರಿಸಿಕೊಳ್ಳೋಣ ಎಂದೆ. ಬೆಂಗಳೂರು ಮೋಸ ಮಾಡಿದರೆ? ಎಂದ ವಿದೇಶಾಂಗ ಮಂತ್ರಿ. ಮಾಡಿದರೆ ನಾವೂ ೩೦೦ ಕೋಟಿಯ ಹಾಗೆ ವರ್ಷ ವರ್ಷ ಬಜೆಟ್ಟಿನಲ್ಲಿ ಅಚ್ಚು ಹಾಕಿಸೋಣ. ಹುಡುಗನ ಮನೆಗೆ ಮಾತ್ರ ಎರಡು ನೋಟೀಸು ಹೋಗಕೂಡದು. ಅವನಿಗೆ ಕೊಟ್ಟ ಪ್ರತಿಯೊಂದು ಮಾತನ್ನೂ ಅಸಲು ಬಡ್ಡಿಯ ಪಕ್ಕದಲ್ಲೇ ಒಂದು ಕಲಮು ಮಾಡಿ ಬರೆಯತಕ್ಕದ್ದು. ಆ ಕಲಮು ಇಲ್ಲದ ಪುಸ್ತಕವನ್ನು ನಾವು ಬೆಂಗಳೂರಿನಿಂದ ಸ್ವೀಕರಿಸತಕ್ಕದ್ದಲ್ಲ. ವಸೂಲಿ ಬ್ರಿಟನ್ನಿನ ರೀತಿಯಲ್ಲಿ: ಸಂಬಳ ಮಿತಿ ದಾಟಿದರೆ ಕಟ್ಟು, ಗೂಡಾದರೆ ಕಟ್ಟು.

"ಹಂಗಾದ್ರೆ ನಮ್ಮ ದೇಶದಲ್ಲಿ ಯಾರ ಮನೇಲೂ ಗೂಡೇ ಆಗಲ್ಲ ಬಿಡು" ಎಂದ ಮಾಗಡಿಯವನು. ಇದು ಗಟ್ಟಿಯಾದ ಆಕ್ಷೇಪಣೆ. ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾದ ಗೂಡಿಗೆ ಲೆಕ್ಕವಿರುತ್ತದೆ, ಹಣ ಬ್ಯಾಂಕಿನ ಖಾತೆಗೇ ಬರುತ್ತದೆ ಎಂದೆ. ಹೊರಗೆ ಮಾರಿದವನದು? ಆಸ್ಪತ್ರೆಯ ಸಂಬಳವನ್ನು ಕೈಯಲ್ಲಿ ಕೊಡುವ ಕಡೆ? ಹೊಸೂರಿನಲ್ಲಿ ದುಡಿಯುವವಳ ಸಂಬಳದಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಸರ್ಕಾರ ಹೇಗೆ ಹಿಡಿಯುತ್ತದೆ? ನನಗೆ ಉತ್ತರ ಹೊಳೆಯಲಿಲ್ಲ. ಹೊಸೂರಿನ ಸರ್ಕಾರ ಮನಸ್ಸು ಮಾಡಬೇಕು, ನಮಗಾಗಿ ಅದು ಹಿಡಿದುಕೊಡಬೇಕು, ಅವರಿಗಾಗಿ ನಾವು ಹಿಡಿದುಕೊಡಬೇಕು. ಬೇರೆಯಾಗಿ ಜಗಳವಾಡುತ್ತಿರುವವರು ಇದಕ್ಕೆ ಒಪ್ಪುತ್ತಾರೆಯೇ? ಅಷ್ಟರಲ್ಲಿ ಬಸ್ಸು ಬಂತು. ದೇಶ ಅಲ್ಲಿಗೆ ವಿಸರ್ಜನೆಯಾಯಿತು.

ನಮ್ಮಜ್ಜಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವರು ಹುಟ್ಟಿದಾಗ ಮಹಾರಾಜರ ಕಾಲ. ರಾಮನಗರವನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಎನ್ನುತ್ತಾರೆ. ಮದುವೆಯಾಗಿ ಬಂದ ಮೇಲೆ ಈ ಮನೆಯನ್ನು ಬಿಟ್ಟು ಕದಲಿದವರಲ್ಲ. ಆದರೂ ೧೯೭೩ರಲ್ಲಿ ಅವರ ರಾಜ್ಯದ ಹೆಸರು ಕರ್ನಾಟಕವಾಯಿತು. ೧೯೮೬ರಲ್ಲಿ ಅವರ ಜಿಲ್ಲೆ ಬೆಂಗಳೂರು ಹೋಗಿ ಬೆಂಗಳೂರು ಗ್ರಾಮಾಂತರವಾಯಿತು, ೨೦೦೭ರಲ್ಲಿ ರಾಮನಗರವಾಯಿತು, ೨೦೨೫ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಒಂದೇ ಹೊಸ್ತಿಲ ಮೇಲೆ ಕೂತು ನಾಲ್ಕು ಜಿಲ್ಲೆ ನೋಡಿದವರು. "ಸಾವ್ಕಾರ ಮಾತ್ರ ಬದಲಾಗ್ಲಿಲ್ಲ ಕಣಪ್ಪ. ಯಾವ್ ಜಿಲ್ಲೇಲಿದ್ರೂ ಅಮಾಸೆ ಕಳ್ದ್ ಮಾರ್ನೆ ದಿನ ಬಾಗ್ಲಿಗ್ ಬರ್ತಿದ್ದ" ಎಂದರು.

ಅಕ್ಕನ ಸಾಲದಲ್ಲಿ ಇನ್ನು ಹನ್ನೊಂದು ಕಂತು ಉಳಿದಿದೆ. ಈಚೆಗೆ ತಂಗಿ ತನ್ನ ವಿದ್ಯಾಸಾಲದ ಅರ್ಜಿಯನ್ನು ನಡುಮನೆಯಲ್ಲಿ ಹರಡಿಕೊಂಡು ಕುಳಿತಿದ್ದಳು. ಇಂಗ್ಲಿಷನ್ನು ನಾನು ಓದಿ ಹೇಳುತ್ತಿದ್ದೆ, ಅವಳು ತುಂಬುತ್ತಿದ್ದಳು. ಅಪ್ಪ ಪಕ್ಕದ ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದರು. ಹುಳು ಮೂರನೆಯ ಜ್ವರದಿಂದ ಎದ್ದು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತಿದ್ದವು.

"ಜಿಲ್ಲೆ ಅನ್ನೋ ಕಡೆ ಏನ್ ಬರೀಲಿ ಅಪ್ಪಾ?" ಎಂದು ತಂಗಿ ಕೂಗಿ ಕೇಳಿದಳು.

"ಈಗೇನೈತೋ ಅದನ್ನೇ ಬರಿ" ಎಂದರು ಅಪ್ಪ ಒಳಗಿನಿಂದ. ಸ್ವಲ್ಪ ಹೊತ್ತು ಬಿಟ್ಟು, "ಪಕ್ಕದಾಗೆ ಹಳೇದೂ ಬರಿ. ನಾಳೆ ಬರೋರಿಗೆ ಮನೆ ಗೊತ್ತಾಗ್ಲಿ" ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಕೂತು, ರುಜು ಹಾಕಿದರು.